ಬಿಡಿಎಸ್ ಮುಗಿಸಿ ಜೇವರ್ಗಿಗೆ ಮರಳಲೇ?

ಸಹೋದರಿ, ಮರಳಿ. ಕಲಬುರಗಿ ನಗರದಲ್ಲೇ ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ, ಅಲ್-ಬದರ್, ಇಎಸ್‌ಐಸಿ ದಂತ ಕಾಲೇಜುಗಳಿವೆ. ಅಲ್ಲಿ ನಿಮ್ಮ ಕ್ಲಿನಿಕ್ ಇನ್ನೊಂದು ಫಲಕವಾಗುತ್ತದೆ, ಅಷ್ಟೇ.

ಜೇವರ್ಗಿ ಕಡೆಯ ಹಳ್ಳಿಯ ಕೂಲಿ ಹೆಣ್ಣುಮಗಳ ಲೆಕ್ಕವೇ ಬೇರೆ. ರೂಟ್ ಕೆನಾಲ್‌ಗೆ ಮೂರು-ನಾಲ್ಕು ಸಲ ನಗರಕ್ಕೆ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾಯಿತು ನಿಜ, ಹೋದ ದಿನದ ಕೂಲಿ ಯಾರು ಕೊಡುತ್ತಾರೆ? ಹಾಗಾಗಿ ಉಳಿಸಬಹುದಾದ ಹಲ್ಲಿಗೂ ಆಕೆ "ಕಿತ್ತಬಿಡ್ರೀ" ಅನ್ನುತ್ತಾಳೆ. ಅದನ್ನು ಅಜ್ಞಾನ ಎನ್ನಬೇಡಿ. ದವಾಖಾನೆ ದೂರವಿದ್ದುದರ ಫಲ ಅದು. ನೀವು ಹತ್ತಿರವಿದ್ದರೆ ಆ ಹಲ್ಲು ಉಳಿಯುತ್ತದೆ.

ಹಣದ ಬಗ್ಗೆ ನಿಮಗಿರುವ ಭಯ ಸಹಜ. ತೊಗರಿ ರಾಶಿಯಾಗಿ ಮಾರಾಟವಾಗುವವರೆಗೆ ಜನರ ಕೈಯಲ್ಲಿ ದುಡ್ಡಿರುವುದಿಲ್ಲ. ಆದ್ದರಿಂದ ದೊಡ್ಡ ಸಾಲ ಬೇಡ. ಒಂದು ಕುರ್ಚಿ, ಒಂದು ಆಟೊಕ್ಲೇವ್, ಸಣ್ಣ ಎಕ್ಸ್‌ರೇ ಯಂತ್ರ ಸಾಕು. ಜೊತೆಗೇ ಸರ್ಕಾರಿ ದಂತವೈದ್ಯರ ಹುದ್ದೆಗೆ ಕರೆ ಬಂದಾಗಲೆಲ್ಲ ಅರ್ಜಿ ಹಾಕಿ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ ಸ್ಥಳೀಯ ಮೀಸಲಾತಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಹಲ್ಲುನೋವೆಂದು ಬಂದವರ ಇಡೀ ಬಾಯಿ ನೋಡಿ. ಗುಟ್ಕಾ, ತಂಬಾಕು ತಿನ್ನುವವರಲ್ಲಿ ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಚೀಟಿ ಬರೆದು ಕಳಿಸಿ, ಹೋದರೋ ಇಲ್ಲವೋ ಫೋನ್ ಮಾಡಿ ಕೇಳಿ.

ಬಾಡಿಗೆ ಕರಾರಿಗೆ ಮುನ್ನ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ, ವೈದ್ಯಕೀಯ ತ್ಯಾಜ್ಯ ವಿಲೇವಾರಿ ಎರಡನ್ನೂ ವಿಚಾರಿಸಿಕೊಳ್ಳಿ.