ಗಾಡಿ ಬಿಸಿಯಾಗುವುದೇಕೆ? ಮೊದಲು ಕಾರಣ, ಆಮೇಲೆ ಖರ್ಚು



ಮೊದಲೆಲ್ಲ ಸಂಘದ ಸಾಲದಲ್ಲಿ ಹಸು, ಕುರಿ, ಹೊಲಿಗೆ ಯಂತ್ರ ಬರುತ್ತಿದ್ದವು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ದೇವನಹಳ್ಳಿ, ಹೊಸಕೋಟೆ ಕಡೆ ತರಕಾರಿ, ಹೂವು ಸಾಗಿಸುವ ಸಣ್ಣ ಗಾಡಿಗಳೂ ಮನೆ ಮುಂದೆ ನಿಲ್ಲತೊಡಗಿದವು. ಓಡಿಸುವವರು ಗಂಡನೋ ಮಗನೋ ಇರಬಹುದು, ಆದರೆ ಸಂಘದಲ್ಲಿ ಕಂತು ಕಟ್ಟಬೇಕಾದವರು ನೀವು. ಆದ್ದರಿಂದ "ಅದೆಲ್ಲ ಗಂಡಸರ ವಿಷಯ ಸಿಸ್ಟರ್" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. "ಇಂಜಿನ್ ಹೀಟ್ ಆಗಿದೆ, ದೊಡ್ಡ ಕೆಲಸ ಇದೆ" ಎಂದು ಯಾರಾದರೂ ಹೇಳಿದರೆ, ಇನ್ನೊಂದು ಸಾಲ ಕೇಳುವ ಮುಂಚೆ ಕಾರಣ ಕೇಳಿ. ಒಂದು ರಬ್ಬರ್ ಪೈಪು ಸೀಳಿದ್ದರೂ ಗಾಡಿ ಬಿಸಿಯಾಗುತ್ತದೆ. ಅದನ್ನು ಹಾಗೇ ಓಡಿಸಿದರೆ ಮಾತ್ರ ಇಂಜಿನ್ ನಿಜವಾಗಿ ಹಾಳಾಗುತ್ತದೆ.

ಕಾರಾಗಲಿ, ಏಸ್ ಆಗಲಿ, ಒಳಗಿನ ವ್ಯವಸ್ಥೆ ಒಂದೇ. ಉರಿಯುವ ಇಂಜಿನ್ನಿನ ಶಾಖವನ್ನು ನೀರು ಹೊತ್ತು ತರುತ್ತದೆ. ಪಂಪು ಆ ನೀರನ್ನು ತಳ್ಳುತ್ತದೆ. ಇಂಜಿನ್ ಕಾದ ಮೇಲೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ತೆಳು ಕೊಳವೆಗಳಲ್ಲಿ ಹರಿಯುವಾಗ ಗಾಳಿ ತಾಗಿ ನೀರು ತಣಿಯುತ್ತದೆ. ರೇಡಿಯೇಟರ್ ಮುಚ್ಚಳ ನಿಮ್ಮ ಪ್ರೆಷರ್ ಕುಕ್ಕರ್ ಮುಚ್ಚಳದ ಹಾಗೆ. ಒತ್ತಡ ಹಿಡಿದಿಡುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ಏನಾಗುತ್ತದೋ ಇಲ್ಲಿಯೂ ಅದೇ.

ಈಗ ಡ್ರೈವರನ್ನು ಕೇಳಬೇಕಾದ ಪ್ರಶ್ನೆ: ಯಾವಾಗ ಬಿಸಿಯಾಯಿತು?

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಾಗ ಮೀಟರಿನ ಮುಳ್ಳು ಏರಿ, ರಸ್ತೆ ಬಿಟ್ಟು ಓಡತೊಡಗಿದ ಮೇಲೆ ಇಳಿಯಿತೇ? ಹಾಗಾದರೆ ಫ್ಯಾನ್ ನೋಡಿಸಿ. ಓಡುವಾಗ ಎದುರು ಗಾಳಿ ಸಿಗುತ್ತದೆ, ನಿಂತಾಗ ಫ್ಯಾನೇ ಗತಿ. ಫ್ಯೂಸ್ ಹೋಗಿರಬಹುದು, ಬೆಲ್ಟ್ ಸಡಿಲವಾಗಿರಬಹುದು.

ಲೋಡು ಹೊತ್ತು ಏರು ಹತ್ತುವಾಗ, ಜೋರಾಗಿ ಓಡುವಾಗ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ನಮ್ಮ ಕಡೆ ಇದಕ್ಕೆ ಎರಡು ಕಾರಣ ಉಂಟು. ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುತ್ತೇವಲ್ಲ, ಆ ಹೊಟ್ಟು ಹಾರಿ ರೇಡಿಯೇಟರಿನ ಸಂದಿಯಲ್ಲಿ ಕೂರುತ್ತದೆ. ಇಂಜಿನ್ ತಣ್ಣಗಿರುವಾಗ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಹೋಗುತ್ತದೆ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ. ಸಾವಿರ ಅಡಿ ಆಳದ ಬೋರ್‌ವೆಲ್ ನೀರು ಸ್ನಾನದ ಹಂಡೆಯಲ್ಲಿ ಬಿಳಿ ಸುಣ್ಣದಂಥ ಪದರ ಕಟ್ಟುವುದನ್ನು ನೀವು ದಿನಾ ನೋಡುತ್ತೀರಿ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಆ ತೆಳು ಕೊಳವೆಯೊಳಗೂ ಪದರ ಕೂರುತ್ತದೆ. ಹಂಡೆಯನ್ನಾದರೆ ಉಜ್ಜಬಹುದು, ಕೊಳವೆಯನ್ನು ಉಜ್ಜುವವರು ಯಾರು? ಕಂಪನಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಸೇರಿಸಿ ಹಾಕಿಸಿ. ದಾರಿಯಲ್ಲಿ ಆಪತ್ತಿಗೆ ಯಾವ ನೀರಾದರೂ ಸರಿ, ಊರಿಗೆ ಬಂದ ಮೇಲೆ ಬದಲಿಸಬೇಕು. ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ಮಕ್ಕಳು, ನಾಯಿಗಳಿಂದ ದೂರ ಇಡಿ.

ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಬಿಸಿಯಾದರೆ ನೀರು ತೀರಾ ಕಡಿಮೆಯಿದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ. ಕೆಲವರು "ಅದು ಬೇಡವೇ ಬೇಡ" ಎಂದು ಕಿತ್ತೆಸೆಯುತ್ತಾರೆ. ಒಪ್ಪಬೇಡಿ. ಇಂಜಿನ್ ಸರಿಯಾಗಿ ಕಾಯದಿದ್ದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಹೊಸದು ಹಾಕಿಸಿ.

ದಿನಾ ನೀರು ಇಳಿಯುತ್ತಿದ್ದರೆ ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಸೋರಿಕೆ ಅದರ ಮೇಲೇ ಎಲ್ಲೋ ಇದೆ: ಪೈಪು, ಪಂಪು ಅಥವಾ ರೇಡಿಯೇಟರ್. ರಟ್ಟು ಒಣಗಿದ್ದು ನೀರು ಮಾತ್ರ ಇಳಿಯುತ್ತಿದ್ದರೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಿಡುತ್ತಲೇ ಇದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇದು ಮಾತ್ರ ದೊಡ್ಡ ಕೆಲಸವೇ. ಆಗ ಗಾಡಿ ಓಡಿಸಬಾರದು.

ಮುಳ್ಳು ಕೆಂಪಿಗೆ ಬಂದರೆ "ಇನ್ನು ಎರಡೇ ಕಿಲೋಮೀಟರ್" ಅನ್ನಬೇಡಿ. ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಬಿಡಿ. ಒತ್ತಡ ಇಳಿಯದ ಕುಕ್ಕರನ್ನು ಯಾರೂ ತೆರೆಯುವುದಿಲ್ಲ, ಈ ಮುಚ್ಚಳವೂ ಹಾಗೇ. ಮುಖ, ಕೈ ಬೆಂದೀತು. ಪೂರ್ತಿ ತಣಿದ ಮೇಲೆ ದಪ್ಪ ಬಟ್ಟೆ ಹಿಡಿದು ತೆರೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಮುಂದಿನ ಸಭೆಗೆ: ನಿಮ್ಮ ಸಂಘದಲ್ಲಿ ಗಾಡಿ ಸಾಲ ಪಡೆದವರು ಯಾರು? ಆ ಗಾಡಿಗೆ ಯಾವ ನೀರು ಹಾಕುತ್ತಿದ್ದಾರೆ, ವಾರಕ್ಕೆಷ್ಟು ಹಾಕಬೇಕಾಗುತ್ತಿದೆ? ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ ಬರೆದುಕೊಂಡು ಬನ್ನಿ.