ಮೊಗ್ಗಿನ ಮೇಲಿನ ಬೂಷ್ಟಿಗೆ ಮೊದಲ ಮದ್ದು ಗಾಳಿ

ಪ್ರಶ್ನೆ: ರಸೆಲ್ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ತಾರಸಿಯಲ್ಲಿ ಪನ್ನೀರ್ ಗುಲಾಬಿ ಬೆಳೆಸಿದ್ದೇನೆ. ಸೆಪ್ಟೆಂಬರ್ 8ರ ಸೇಂಟ್ ಮೇರಿ ಹಬ್ಬಕ್ಕೆ ಸ್ವಂತ ಗಿಡದ ಹೂ ಕೊಡುವ ಆಸೆ. ಮಿಕ್ಕ ದಳಗಳಿಂದ ಮೊಮ್ಮಕ್ಕಳಿಗೆ ಗುಲ್ಕಂದ್ ಮಾಡುತ್ತೇನೆ. ಜೂನ್‌ನಿಂದ ಮೊಗ್ಗುಗಳು ಅರಳುವ ಮೊದಲೇ ಕಂದಾಗಿ ಬೂದು ಬೂಷ್ಟು ಹಿಡಿಯುತ್ತಿವೆ. ಎಳೆ ಎಲೆಗಳ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಪಕ್ಕದವರು ಔಷಧಿ ಹೊಡೆಸಿ ಅಂತಾರೆ, ಮಗ ಕಿತ್ತು ಬಿಸಾಡಿ ಅಂತಾನೆ. ಏನು ಮಾಡಲಿ?

ಉತ್ತರ: ಅಮ್ಮಾ, ಗಿಡ ಕೀಳಬೇಡಿ. ನೀವು ಬರೆದಿರುವ ಲಕ್ಷಣಗಳಿಂದ ಗುಲಾಬಿ ಗಿಡವೇ ಸಾಯುವುದು ಅಪರೂಪ. ಔಷಧಿಗೂ ಅವಸರ ಬೇಡ, ಆ ದಳಗಳನ್ನು ಮಕ್ಕಳು ತಿನ್ನುತ್ತಾರೆ.

ನಿಮ್ಮಲ್ಲಿರುವುದು ಎರಡು ಬೇರೆ ರೋಗ. ಎಲೆಯ ಬಿಳಿ ಪುಡಿ ಬೂದಿ ರೋಗ. ಅದಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಒಣ ಹಗಲು, ತೇವದ ರಾತ್ರಿ ಸಾಕು. ಮೊಗ್ಗಿನ ಬೂಷ್ಟು ಬೊಟ್ರೈಟಿಸ್ ಎಂಬ ಶಿಲೀಂಧ್ರದ್ದು. ದ್ರಾಕ್ಷಿ, ಸ್ಟ್ರಾಬೆರಿಯನ್ನು ಕೊಳೆಸುವುದೂ ಇದೇ. ಹೂವಿನ ಮೇಲೆ ಗಂಟೆಗಟ್ಟಲೆ ನೀರು ನಿಂತು, ತಂಪಿದ್ದು, ಗಾಳಿ ಆಡದಿದ್ದರೆ ಇದು ಹಬ್ಬುತ್ತದೆ. ಬೆಂಗಳೂರಿನ ಮಳೆಗಾಲದ 20 ಡಿಗ್ರಿಯ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದವು.

ಹಾಗಾಗಿ ಮೊದಲು ಕುಂಡಗಳನ್ನು ಗೋಡೆ, ನೀರಿನ ಟ್ಯಾಂಕ್‌ಗಳಿಂದ ದೂರ ಸರಿಸಿ. ಒಂದರ ಎಲೆ ಇನ್ನೊಂದಕ್ಕೆ ತಾಗದಿರಲಿ. ಬಟ್ಟೆ ಒಣಹಾಕುವ ತಂತಿಯ ಕೆಳಗಂತೂ ಇಡಲೇಬೇಡಿ. ನಮ್ಮ ಕಡೆ ಮಳೆ ಬಂದರೆ ಗಿಡಕ್ಕೆ ಸುತ್ತಲೂ ಪ್ಲಾಸ್ಟಿಕ್ ಹೊದಿಸುವವರು ಬಹಳ. ಅಕ್ಕರೆಯಿಂದಲೇ ಮಾಡುತ್ತಾರೆ, ಆದರೆ ಒಳಗೆ ತೇವ ಕೂತು ಬೂಷ್ಟು ಹೆಚ್ಚುತ್ತದೆ. ತಲೆಯ ಮೇಲೆ ಎತ್ತರದಲ್ಲಿ ಶೀಟು ಕಟ್ಟಿ, ನಾಲ್ಕೂ ಕಡೆ ತೆರೆದಿಡಿ. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ.

ಕೊಳೆತ ಮೊಗ್ಗು, ಬಾಡಿದ ಹೂ, ಉದುರಿದ ದಳ ಒಂದನ್ನೂ ಬಿಡದೆ ತೆಗೆಯಿರಿ. ಸತ್ತ ದಳದಲ್ಲೇ ಬೊಟ್ರೈಟಿಸ್ ಬೀಡುಬಿಟ್ಟು ಪಕ್ಕದ ಮೊಗ್ಗಿಗೆ ಹಾರುತ್ತದೆ. ಗಿಡವನ್ನು ಅಲ್ಲಾಡಿಸದೆ ಕತ್ತರಿಸಿ, ಕವರಿಗೆ ಹಾಕಿ ಬಾಯಿ ಕಟ್ಟಿ. ಕುಂಡದ ಗೊಬ್ಬರಕ್ಕೆ ಸೇರಿಸಬೇಡಿ. ಪ್ರತಿ ಗಿಡಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಬೂದಿ ರೋಗಕ್ಕೆ ಹಾಲು ಪ್ರಯತ್ನಿಸಿ: ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು, ವಾರಕ್ಕೊಮ್ಮೆ, ಬಿಸಿಲಿರುವ ಬೆಳಿಗ್ಗೆ, ಎಲೆಗೆ ಮಾತ್ರ. ಅಜ್ಜಿಮದ್ದಿನಂತೆ ಕೇಳಿಸಿದರೂ 1999ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗದಲ್ಲಿ ಕುಂಬಳ ಜಾತಿಯ ಗಿಡದ ಬೂದಿ ರೋಗವನ್ನು ಇದು ತಡೆದಿತ್ತು. ಮೊಗ್ಗಿನ ಬೂಷ್ಟಿಗೆ ಮಾತ್ರ ಹಾಲಿನಿಂದ ಪ್ರಯೋಜನವಿಲ್ಲ. ನರ್ಸರಿಯವರು ಗಂಧಕದ ಪುಡಿ ಕೊಟ್ಟರೆ, ಗುಲ್ಕಂದ್‌ಗೆ ಹೂ ಕೀಳುವ ಗಿಡಕ್ಕೆ ಬಳಸಬೇಡಿ.

ಹಬ್ಬದ ಮಾತು. ಸವರಿದ ಗುಲಾಬಿ ಮತ್ತೆ ಹೂ ಬಿಡಲು ಸುಮಾರು ಆರೇಳು ವಾರ ಬೇಕು. ಜುಲೈ ಮೂರನೇ ವಾರದಲ್ಲಿ ಒಣ ಕಡ್ಡಿ, ನಡುವೆ ಹೆಣೆದುಕೊಂಡ ಕೊಂಬೆ ತೆಗೆದು ಸವರಿದರೆ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಹಬ್ಬದ ಧ್ವಜ ಏರುವ ಆಗಸ್ಟ್ 29ರ ಹೊತ್ತಿಗೆ ಮೊಗ್ಗು ಕಾಣಬೇಕು. ಬಣ್ಣ ಕಂಡ ಮೊಗ್ಗನ್ನು ಮಳೆಗೆ ಬಿಡದೆ ಕೊಯ್ದು ನೀರಿನಲ್ಲಿಡಿ. ಬೂಷ್ಟು ತಾಗಿದ ದಳವನ್ನು ತೊಳೆದು ಗುಲ್ಕಂದ್‌ಗೆ ಹಾಕಬೇಡಿ. ಅದಕ್ಕೆ ಫೆಬ್ರುವರಿ, ಮಾರ್ಚ್‌ನ ಒಣ ದಿನಗಳ ಹೂವೇ ಒಳ್ಳೆಯದು.

ಇಷ್ಟಾದರೂ ಹತೋಟಿಗೆ ಬರದಿದ್ದರೆ ರೋಗದ ಕೊಂಬೆಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಮಗನ ಜೊತೆ ಹೆಬ್ಬಾಳದಾಚೆಯ ಜಿಕೆವಿಕೆಗೆ ಹೋಗಿ ಬನ್ನಿ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಭಾಗವಿದೆ.