ಹೊಸದಾಗಿ ಸೈಕಲ್ ಕೊಳ್ಳುವವರಿಗೆ

ಮೈಸೂರಿನಲ್ಲಿ ಬೆಳ್ಳಂಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತುವ ಸೈಕಲ್ಲುಗಳನ್ನು ಕಂಡು ಆಸೆಪಟ್ಟವರೆಲ್ಲ ಮೊದಲು ಕೇಳುವುದು, "ಎಷ್ಟು ಗೇರಿನದ್ದು ತಗೊಳ್ಳಲಿ ಸಾರ್?" ಅಂತ. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ.

1. ಮೊದಲು ಅಳತೆ. ಫ್ರೇಮಿನ ಮೇಲಿನ ಬಾರಿನ ಆಚೀಚೆ ಕಾಲಿಟ್ಟು ನಿಂತಾಗ ಪಾದ ಪೂರ್ತಿ ನೆಲಕ್ಕೂರಿ, ಬಾರಿಗೂ ನಿಮಗೂ ನಡುವೆ ಒಂದೆರಡು ಇಂಚು ಜಾಗ ಉಳಿಯಬೇಕು. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟರೆ, ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ಕೂತಲ್ಲೇ ಎರಡೂ ಪಾದ ನೆಲಕ್ಕೆ ತಾಗಲಿ ಎಂದು ಸೀಟು ಇಳಿಸಿಕೊಂಡವರೇ ಮಂಡಿನೋವೆಂದು ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡುವುದು.

2. ಡಾಂಬರು ರಸ್ತೆಗೆ ಅಗ್ಗದ ಸಸ್ಪೆನ್ಷನ್ ಬೇಡ. ತೂಕ ಹೆಚ್ಚುತ್ತದೆ, ಏರಿನಲ್ಲಿ ತುಳಿದ ಶಕ್ತಿ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ. ಸಾದಾ ಫೋರ್ಕಿನ ಹೈಬ್ರಿಡ್ ಸಾಕು.

3. ಗಾಳಿ. ನೂರಕ್ಕೆ ತೊಂಬತ್ತು ತಕರಾರು ಇಲ್ಲಿಯದೇ ಎಂದು ನನ್ನ ಅಂದಾಜು. ಪಂಕ್ಚರ್ ಆಗದಿದ್ದರೂ ಟ್ಯೂಬಿನ ಗಾಳಿ ತಾನಾಗಿ ಇಳಿಯುತ್ತದೆ. ಗಾಳಿ ಕಮ್ಮಿಯಿದ್ದು ಗುಂಡಿಯ ಅಂಚಿಗೆ ಚಕ್ರ ಬಡಿದರೆ ಟ್ಯೂಬು ರಿಮ್ಮಿಗೂ ಟೈರಿಗೂ ಸಿಕ್ಕಿ ಚಿವುಟಿಹೋಗುತ್ತದೆ. ಬಿಚ್ಚಿ ನೋಡಿ: ಅಕ್ಕಪಕ್ಕ ಎರಡು ತೂತು. ಅದು ಮೊಳೆಯ ಕೆಲಸವಲ್ಲ. ಎಷ್ಟು ಪಿಎಸ್ಐ ಹೊಡೆಯಬೇಕೆಂದು ಟೈರಿನ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ. ಹೆಬ್ಬೆರಳಲ್ಲಿ ಒತ್ತಿ ಅಂದಾಜು ಮಾಡಬೇಡಿ. ಮೀಟರಿರುವ ಪಂಪೊಂದು ಮನೆಯಲ್ಲಿರಲಿ. ಸಪೂರ ವಾಲ್ವಿನ ಸೈಕಲ್ಲಾದರೆ ಪೆಟ್ರೋಲ್ ಬಂಕಿನ ಗಾಳಿ ಪೈಪು ಕೂರುವುದೂ ಇಲ್ಲ.

4. ಚೈನಿಗೆ ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಧೂಳು ಮೆತ್ತಿಕೊಳ್ಳುತ್ತದೆ. ಬಟ್ಟೆಯಲ್ಲಿ ಒರೆಸಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತ ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸಿ. ಎಣ್ಣೆ ಬೇಕಿರುವುದು ಕೊಂಡಿಗಳ ಒಳಗೆ. ಹೊರಗೆ ಹೊಳೆಯುತ್ತಿದ್ದರೆ ಹೆಚ್ಚಾಯಿತೆಂದೇ ಲೆಕ್ಕ. ಮಳೆಯಲ್ಲಿ ನೆನೆದ ದಿನ ಇದನ್ನು ನಾಳೆಗೆ ಮುಂದೂಡಬೇಡಿ.

5. ಬ್ರೇಕಿನ ರಬ್ಬರಿನ ಗೆರೆ ಸವೆದು ಮಾಯವಾದರೆ ಬದಲಿಸಿ.

6. ಹೊಸ ಸೈಕಲ್ಲಿನ ಕೇಬಲ್ಲು, ಕಡ್ಡಿ ಮೊದಮೊದಲು ಸಡಿಲಾಗುವುದು ಸಹಜ. ಒಂದು ತಿಂಗಳಲ್ಲಿ ಕೊಂಡ ಅಂಗಡಿಗೇ ಒಯ್ದು ಬಿಗಿಸಿ, ಚಕ್ರದ ಬೆಂಡು ತೆಗೆಸಿ. ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಂಡವರು ಒಮ್ಮೆ ಮೆಕ್ಯಾನಿಕ್ ಕೈಗೆ ಕೊಟ್ಟ ಮೇಲೆಯೇ ರಸ್ತೆಗಿಳಿಯಿರಿ.

7. ಹೆಲ್ಮೆಟ್ಟು, ಪಂಪು, ಹಿಂದಿನ ಕೆಂಪು ಲೈಟು, ಬೀಗ ಇಷ್ಟಕ್ಕೆ ಮೊದಲೇ ದುಡ್ಡು ತೆಗೆದಿಟ್ಟು, ಉಳಿದದ್ದರಲ್ಲಿ ಸೈಕಲ್ ಕೊಳ್ಳಿ.